ಕಾಗದದ ಹಿಮ

ಬನ್ನಿ, ಕಾಲೊರೆಸಿಕೊಂಡು ಬನ್ನಿ.
ಒದ್ದೆ ಕೊಡೆ ಆ ಮೂಲೆಯ ತಾಮ್ರದ ಹಂಡೆಗೆ.
ನಾನು ಹೆಸ್ಟರ್ ಓಲ್ಡ್‌ರಾಯ್ಡ್. ಮಂಗಳವಾರ, ಶುಕ್ರವಾರ
ಥಾರ್ನ್‌ಬೆಕ್ ಹಾಲಿನ ಈ ಮೊಗಸಾಲೆಗೆ ನಾನೇ ದಿಕ್ಕು.
ಸಂಬಳವಿಲ್ಲ. ಚಹಾ ಉಂಟು,
ನಾಲ್ಕು ಗಂಟೆಗೆ ಒಂದು ತುಂಡು ಕೇಕು, ಉಳಿದಿದ್ದರೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ:
ಹೌದು, ಅವಳು ಇಳಿದು ಬಂದದ್ದು ಇದೇ ಮೆಟ್ಟಿಲು.
ಹಸಿರು ರೇಷ್ಮೆ, ಕೈಯಲ್ಲಿ ಅರಗು ಒಡೆದ ಕಾಗದ.
ಇಪ್ಪತ್ತೊಂದು ಮೆಟ್ಟಿಲು, ಹದಿನೇಳು ಸಲ ಇಳಿದಳು
ಪ್ರತಿ ಸಲವೂ ಹೊಸದಾಗಿ ಎದೆಯೊಡೆದುಕೊಂಡು.
ಮೇಲೆ ಹೋದರೆ ಅವಳ ಮಲಗುವ ಕೋಣೆ ಸಿಗುವುದಿಲ್ಲ,
ಅದಿದ್ದದ್ದು ಲಂಡನ್ನಿನಾಚೆ ಒಂದು ಶೆಡ್ಡಿನಲ್ಲಿ,
ಮೂರೇ ಗೋಡೆ.
ಅವನು ಮುಳುಗಿದ ಕೆರೆ ವೇಲ್ಸಿನದು.
ಹೊಸ್ತಿಲ ಈಚೆಯ ಕಾಲು ಯಾರ್ಕ್‌ಶೈರಿನಲ್ಲಿ,
ಆಚೆಯ ಕಾಲು ಐವತ್ತು ಹರದಾರಿ ದೂರದಲ್ಲಿ;
ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಕಿಟಕಿಯಿಂದ ನೋಡಿ. ಗುಡ್ಡದ ಮೇಲಿನ ಕರೆಂಟು ಕಂಬಗಳನ್ನು
ಅಳಿಸಿದರು, ಸ್ಲೇಟಿನ ಮೇಲಿನ ಲೆಕ್ಕದಂತೆ.
ಫೌಸೆಟ್ಟನ ಕುರಿಗಳನ್ನು ಮಾತ್ರ ಉಳಿಸಿಕೊಂಡರು
ಬೆನ್ನ ಮೇಲಿನ ನೀಲಿ ಗುರುತು ತೊಳೆದು.
ಆ ವರ್ಷ ಅವನಿಗೆ ಉಣ್ಣೆಗಿಂತ ಬಾಡಿಗೆಯೇ ಹೆಚ್ಚು ಬಂತು.
ಆಮೇಲೆ ಯಾವ ಕುರಿ ಯಾರದು ಎಂದು
ನೆರೆಯವನ ಜೊತೆ ಮಾತು ಬಿಟ್ಟ. ಇವತ್ತಿಗೂ ಬಿಟ್ಟಿದ್ದಾನೆ.

ಜೂನ್ ತಿಂಗಳಲ್ಲಿ ಹಿಮ ಬಿತ್ತು.
ಕಾಗದದ್ದು. ಲಾರಿಯಲ್ಲಿ ಬಂದು
ಕೊಳವೆಯಿಂದ ಉಗುಳಿಸಿಕೊಂಡು ಗುಲಾಬಿಗಳ ಮೇಲೆ ಕೂತಿತು.
ತೋಟಗಾರ ಆಂಬ್ರೋಸ್, ಹಣೆಯ ಬೆವರೊರೆಸಿ,
"ಸದ್ಯ, ಈ ಹಿಮ ಗೋರುವ ಕೆಲಸವಿಲ್ಲ" ಎಂದ.
ಮೂರು ವಾರ ಗೋರಿದ.
ಹನ್ನೊಂದು ವರ್ಷವಾಯಿತು,
ಇವತ್ತು ಬೆಳಿಗ್ಗೆಯೂ ಕಿಟಕಿ ಸಂದಿಯಲ್ಲಿ ಒಂದು ಚೂರು.
ಇಗೋ, ಹಿಡಿಯಿರಿ. ಕರಗುವುದಿಲ್ಲ.

ನಾನೂ ಇದ್ದೇನೆ ಆ ಚಿತ್ರದಲ್ಲಿ,
ರೆಪ್ಪೆ ಬಡಿದಿರೋ, ಇಲ್ಲ.
ಊರವರು ಬೇಕೆಂದಾಗ ಸಾಲಿನಲ್ಲಿ ನಿಂತಿದ್ದೆ.
ಉಡುಪು ಹಂಚುವ ಹುಡುಗಿ ಮುಖ ನೋಡಲಿಲ್ಲ,
ನನ್ನ ಅಂಗೈ ಮಗುಚಿ ನೋಡಿ "ಅಡುಗೆಮನೆಗೆ" ಎಂದಳು.
ಮೂವತ್ತು ವರ್ಷ ಶಾಲೆಮಕ್ಕಳ ತಟ್ಟೆ ತೊಳೆದ ಕೈ,
ಓದಲು ಬಂತು ಅವಳಿಗೆ.
ಉಗುರಿನ ಬುಡಕ್ಕೆ ಒಬ್ಬ ಕುಂಚದಿಂದ ಮಸಿ ಬಳಿದ
ಎಷ್ಟು ಮೃದುವಾಗಿ ಅಂತೀರಿ, ಮದುಮಗಳಿಗೆ ಬಳಿದಂತೆ.
ಸಂಜೆ ಸೋಪು ಹಚ್ಚಿದೆ, ಹೋಯಿತು.

ನನ್ನಜ್ಜಿ ಝಿಲ್ಲಾಳದು ಹೋಗಲಿಲ್ಲ.
ಹದಿಮೂರಕ್ಕೆ ಇದೇ ಮನೆಗೆ ಪಾತ್ರೆ ತಿಕ್ಕಲು ಬಂದವಳು.
ಸೋಡಾ ತಿಂದ ಬೆರಳು; ಕಡೆಯವರೆಗೂ
ಚರ್ಚಿಗೆ ಕೈಚೀಲ ತೊಟ್ಟೇ ಹೋಗುತ್ತಿದ್ದಳು, ಬೇಸಿಗೆಯಲ್ಲೂ.
ಆಳುಗಳಿಗೆ ಮೆಟ್ಟಿಲು ಗೋಡೆಯೊಳಗೆ.
ಅಲ್ಲಿ, ಗೋಡೆಕಾಗದದ ಬಳ್ಳಿಯಲ್ಲೇ ಅಡಗಿದೆ ಬಾಗಿಲು,
ಕಣ್ಣಿಗೆ ಬೀಳದ ಹಾಗೆ ಬಳ್ಳಿ ಕೂಡಿಸಿದ್ದಾರೆ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ
ಅದೇ ಒರಟು ಅಂಗಿ, ಅದೇ ಮಸಿಗೈ,
ಮೊಣಕಾಲು ನೋಯುತ್ತಿತ್ತು, ಆದರೂ ಹತ್ತಿದೆ.
ಒಂದು. ಎರಡು.
ಆರರ ಮೇಲೆ ಕಾಲಿಟ್ಟಾಗ
ಬೆಳಕು ಅಳೆಯುತ್ತಿದ್ದ ಹುಡುಗ ತಿರುಗಿ ನೋಡಿದ.
ಒಳ್ಳೆಯ ಹುಡುಗ, ಇತಿಹಾಸ ಓದಿದವನು.
"ಕ್ಷಮಿಸಿ ಅಮ್ಮಾ," ಅಂದ,
"ಆ ಕಾಲದಲ್ಲಿ ನಿಮ್ಮಂಥವರು ಈ ಮೆಟ್ಟಿಲು ಹತ್ತುತ್ತಿರಲಿಲ್ಲ."

ಹೌದಪ್ಪ, ಎಂದೆ. ಇಳಿದು ಬಂದೆ.
ಒಂದೇ ಸಲ. ಯಾರೂ ಮತ್ತೊಮ್ಮೆ ಎನ್ನಲಿಲ್ಲ.

ಸರಿ, ಫೋಟೋ ತೆಗೆದುಕೊಳ್ಳಿ, ಫ್ಲಾಶ್ ಬೇಡ.
ಕೆಂಪು ಅಂಗಿಯ ಅಕ್ಕ, ನೀವು ಮೊದಲು. ಕತ್ತು ಎತ್ತಿ,
ಕಾಗದವಿಲ್ಲದಿದ್ದರೆ ನನ್ನ ವೇಳಾಪಟ್ಟಿ ಹಿಡಿಯಿರಿ.
ಒಬ್ಬೊಬ್ಬರಾಗಿ ಇಳಿಯಿರಿ, ಕೈಪಿಡಿ ಹಿಡಿದು.
ಆರನೆಯ ಮೆಟ್ಟಿಲು ಕಿರುಗುಟ್ಟುತ್ತದೆ, ಬೆಚ್ಚಬೇಡಿ.
ಚಿತ್ರದಲ್ಲಿ ಆ ಸದ್ದು ತೆಗೆದುಹಾಕಿದ್ದಾರೆ.